ಲೌರಿಯ ಬಿಳಿ
ಬೆಳಗಿನಿಂದ ತಲೆಯಲ್ಲಿ ಇಂಗ್ಲೆಂಡಿನ ಚಿತ್ರಕಾರ ಎಲ್.ಎಸ್. ಲೌರಿಯವರ ಬಿಳಿ ಬಣ್ಣವೇ ಕೂತಿದೆ. ಮ್ಯಾಂಚೆಸ್ಟರಿನ ಬೀದಿಗಳಲ್ಲಿ ಹಗಲು ಬಾಡಿಗೆ ವಸೂಲಿ, ರಾತ್ರಿ ಚಿತ್ರ; 1952ರಲ್ಲಿ ನಿವೃತ್ತಿಯಾಗುವವರೆಗೂ ಹೀಗೇ. ಬಣ್ಣ ಐದೇ: ವರ್ಮಿಲಿಯನ್, ಐವರಿ ಬ್ಲ್ಯಾಕ್, ಪ್ರಷ್ಯನ್ ಬ್ಲೂ, ಯೆಲ್ಲೋ ಓಕರ್, ಫ್ಲೇಕ್ ವೈಟ್ ಎಂಬ ಸೀಸದ ಬಿಳಿ. ಅಗಸೆ ಎಣ್ಣೆ ಬೆರೆಸುತ್ತಿರಲಿಲ್ಲ.

ಮೊದಮೊದಲ ಚಿತ್ರಗಳು ತೀರಾ ಕಪ್ಪು, ಗಿರಣಿಯ ಜನ ಹಿನ್ನೆಲೆಯಲ್ಲೇ ಕರಗಿಹೋಗುತ್ತಿದ್ದರು. ಕಲಾ ವಿಮರ್ಶಕ ಬರ್ನಾರ್ಡ್ ಟೇಲರ್ ಅದನ್ನು ಎತ್ತಿ ಹೇಳಿದ ಮೇಲೆ ಹಿನ್ನೆಲೆಗೆ ಬಿಳಿ ಬಂತು. ಆ ಬಿಳಿ ಮುಂದೆ ಏನಾಗುತ್ತದೆ? 1924ರಲ್ಲಿ ಮರದ ತುಂಡಿಗೆ ಆರು ಸಲ ಫ್ಲೇಕ್ ವೈಟ್ ಬಳಿದು, ಒಣಗಿಸಿ, ಆರೇಳು ವರ್ಷ ಮುಚ್ಚಿಟ್ಟರು. ಎಂಥ ತಾಳ್ಮೆ! ಆಮೇಲೆ ಇನ್ನೊಂದು ಹಲಗೆಗೆ ಹಾಗೇ ಬಳಿದು ಪಕ್ಕಕ್ಕಿಟ್ಟರೆ, ಹೊಸದು ಬರೀ ಸುಣ್ಣದ ಬಿಳುಪು. ಹಳೆಯದು ಕೆನೆಗಟ್ಟಿದ ಬೂದು. ಅವರಿಗೆ ಬೇಕಾಗಿದ್ದು ಆ ಹಳೆಯ ಬಿಳಿಯೇ.