ಮೂರು ಟ್ಯಾಂಕ್ ಹೋಗಿ ಒಂದಾಯ್ತು

ಮೂರು ಸಣ್ಣ ಟ್ಯಾಂಕ್‌ಗಳಲ್ಲಿದ್ದ ಮೀನುಗಳೆಲ್ಲ ಈಗ ಒಂದೇ ನಾಲ್ಕಡಿ ಟ್ಯಾಂಕಿನಲ್ಲಿ. ಹೊಸ ಫಿಲ್ಟರ್ ಜೊತೆ ಕಂದು ಲೋಳೆ ಹಿಡಿದ ಹಳೇ ಸ್ಪಾಂಜುಗಳನ್ನೂ ಹಾಗೇ ಇಟ್ಟಿದ್ದೇನೆ, ನಲ್ಲಿ ನೀರಲ್ಲಿ ತೊಳೆದಿಲ್ಲ. ಮೀನಿನ ಹೊಲಸಿನಿಂದ ಬರುವ ವಿಷ ಅಮೋನಿಯಾವನ್ನು ನೈಟ್ರೈಟ್, ಆಮೇಲೆ ನೈಟ್ರೇಟ್ ಮಾಡುವ ಬ್ಯಾಕ್ಟೀರಿಯಾ ಇರೋದೇ ಆ ಲೋಳೆಯಲ್ಲಿ. ನಲ್ಲಿ ನೀರಿನ ಕ್ಲೋರಿನ್ ಅವಕ್ಕೆ ಆಗಲ್ಲ. ಹಳೇ ನೀರು ಸುರಿದರೆ ಸಾಕು ಅಂತಾರೆ ಕೆಲವರು, ಆದರೆ ನೀರಲ್ಲಿ ಅವು ತೀರಾ ಕಡಿಮೆ.

ಒಂದೊಂದು ಟ್ಯಾಂಕಿನ ಮೂಲೆಯಲ್ಲಿ ಅಡಗಿರುತ್ತಿದ್ದ ಕೋರಿಡೋರಸ್ ಮೀನುಗಳು ಈಗ ಒಟ್ಟಾಗಿ, ಮೀಸೆಯಿಂದ ಮರಳು ಕೆದಕುತ್ತಾ ಇಡೀ ತಳ ಸುತ್ತುತ್ತಿವೆ. ಜೊತೆಗೆ ತನ್ನವರಿದ್ದರೆ ಬರುವ ಧೈರ್ಯ ಮೀನಿಗೂ ಇದೆಯಲ್ಲ ಅಂತ ನೋಡ್ತಾ ಕೂತೆ.

ಫೈಟರ್ ಮೀನು ಮಾತ್ರ ತನ್ನದೇ ಬೇರೆ ಟ್ಯಾಂಕಿನಲ್ಲೇ ಇರ್ತಾನೆ. ಗಪ್ಪಿಯ ಉದ್ದ ಬಾಲ ಕಂಡರೆ ಅವನು ಸುಮ್ಮನಿರಲ್ಲ. ಏಂಜೆಲ್ ಮೀನು ಕೂಡ ತರಲ್ಲ, ಬೆಳೆದ ಮೇಲೆ ನಿಯಾನ್ ಟೆಟ್ರಾಗಳನ್ನು ನುಂಗುತ್ತೆ.