"ಅವರ ಜನಾನೇ ಏನೂ ಮಾಡಲ್ವಾ?"

ನಾನಿರುವುದು ಅಮೆರಿಕದ ಬಾಲ್ಟಿಮೋರ್ ಹತ್ತಿರ ಅಂದ ಕೂಡಲೇ ಊರಿಂದ ಫೋನ್ ಮಾಡುವವರೂ, ಇಲ್ಲಿನ ಕನ್ನಡ ಸಂಘದ ಊಟದ ಸಾಲಿನಲ್ಲಿ ಸಿಗುವವರೂ ಕೇಳುವುದು ಒಂದೇ: "ಅಲ್ಲಿ ಕಪ್ಪು ಜನರ ಏರಿಯಾಗಳಲ್ಲಿ ದಿನಾ ಗುಂಡು ಹಾರುತ್ತಂತಲ್ಲ. ಪೊಲೀಸರದ್ದು ಹಾಗಿರ್ಲಿ, ಅವರ ಜನಾನೇ ಏನೂ ಮಾಡಲ್ವಾ?"

ಮಾಡುತ್ತಾರೆ. ಬಹಳ ವರ್ಷಗಳಿಂದ ಮಾಡುತ್ತಲೇ ಇದ್ದಾರೆ.

ಬಾಲ್ಟಿಮೋರ್‌ನದನ್ನೇ ಹೇಳುತ್ತೇನೆ. 2007ರಲ್ಲಿ ಮೆಕ್‌ಎಲ್ಡೆರಿ ಪಾರ್ಕ್ ಎಂಬ ಬಡಾವಣೆಯಲ್ಲಿ 'ಸೇಫ್ ಸ್ಟ್ರೀಟ್ಸ್' ಎಂಬ, ಗುಂಡಿನ ಜಗಳಗಳನ್ನು ತಡೆಯುವ ಕಾರ್ಯಕ್ರಮ ಶುರುವಾಯಿತು. ಶುರುಮಾಡಿದ್ದು ಪೊಲೀಸರಲ್ಲ, ನಗರದ ಆರೋಗ್ಯ ಇಲಾಖೆ. ಮೂಲ ಯೋಚನೆ ಷಿಕಾಗೊದ ವೈದ್ಯ ಗ್ಯಾರಿ ಸ್ಲಟ್ಕಿನ್ ಅವರದು. ಆಫ್ರಿಕಾದಲ್ಲಿ ಕಾಲರಾ, ಏಡ್ಸ್ ತಡೆಯುವ ಕೆಲಸ ಮಾಡಿ ಬಂದವರು ಅವರು. ಒಂದು ಕೊಲೆ ಸೇಡಾಗಿ ಇನ್ನೊಂದಕ್ಕೆ ಹಬ್ಬುವುದಾದರೆ, ರೋಗವನ್ನು ತಡೆದ ಹಾಗೆ ಅದನ್ನೂ ಆರಂಭದಲ್ಲೇ ತಡೆಯಬಹುದಲ್ಲ ಎಂದು 2000ದಲ್ಲಿ ಅಲ್ಲಿನ ವೆಸ್ಟ್ ಗಾರ್ಫೀಲ್ಡ್ ಪಾರ್ಕ್‌ನಲ್ಲಿ ಪ್ರಯೋಗ ಮಾಡಿದ್ದರು.

ತಡೆಯುವವರು ಯಾರು ಅನ್ನುವುದೇ ಇದರ ಜೀವಾಳ. ಕಿತ್ತಳೆ ಬಣ್ಣದ ಟೀ ಶರ್ಟ್ ಹಾಕಿಕೊಂಡು ಬೀದಿ ಸುತ್ತುವ ಇವರಲ್ಲಿ ಅನೇಕರು ಒಂದು ಕಾಲಕ್ಕೆ ಅದೇ ಬೀದಿಯಲ್ಲಿ ಗಾಂಜಾ, ಹೆರಾಯಿನ್ ಮಾರಿದವರು, ಜೈಲು ಕಂಡು ಬಂದವರು. ದುಡ್ಡಿಗೋ ಹುಡುಗಿಗೋ, ಇನ್‌ಸ್ಟಾಗ್ರಾಂನಲ್ಲಿ ಯಾರೋ ಹಾಕಿದ ಒಂದು ಬೈಗುಳಕ್ಕೋ ಇಬ್ಬರ ನಡುವೆ ಹೊಗೆಯಾಡುತ್ತಿದೆ ಎಂದು ಇವರ ಕಿವಿಗೆ ಬೀಳುತ್ತದೆ. ಇವರು ಹೋಗಿ ಮಧ್ಯೆ ನಿಲ್ಲುತ್ತಾರೆ. ಗುಂಡೇಟು ತಿಂದವನು ಆಸ್ಪತ್ರೆಯಲ್ಲಿದ್ದರೆ ಹಾಸಿಗೆಯ ಪಕ್ಕ ಕೂತು, ಅವನ ಅಣ್ಣತಮ್ಮಂದಿರು ಸೇಡಿಗೆ ಹೊರಡದಂತೆ ನೋಡಿಕೊಳ್ಳುತ್ತಾರೆ. ಕೇಳಿದ್ದನ್ನು ಪೊಲೀಸರಿಗೆ ಹೇಳುವುದಿಲ್ಲ. ನಮ್ಮವರಿಗೆ ಇದೊಂದು ಗಂಟಲಲ್ಲಿ ಇಳಿಯುವುದೇ ಇಲ್ಲ. ಆದರೆ ಹೇಳಿದರೆ ಮರುದಿನದಿಂದ ಅವರ ಮುಂದೆ ಯಾರು ಬಾಯಿ ಬಿಡುತ್ತಾರೆ?

ಬೀದಿಗೂ ಪೊಲೀಸರಿಗೂ ಆಗದಿರುವುದು ಇವತ್ತಿನದಲ್ಲ. ಯಾವ ಬೀದಿಯಲ್ಲಿ ಬಿಳಿಯರಿರಬೇಕು, ಯಾವುದರಲ್ಲಿ ಕಪ್ಪು ಜನ ಎಂದು 1910ರಲ್ಲೇ ಕಾನೂನು ಮಾಡಿದ ಊರು ಇದು.

ಇನ್ನು ಫಲಿತಾಂಶ. ಈ ಕಾರ್ಯಕ್ರಮವಿದ್ದ ಇನ್ನೊಂದು ಬಡಾವಣೆ ಚೆರ್ರಿ ಹಿಲ್‌ನಲ್ಲಿ ಕೊಲೆಗಳು 56% ಇಳಿದವೆಂದು ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ತಂಡ 2012ರಲ್ಲಿ ಹೇಳಿತು. ಬೇರೆ ಕಡೆ ಅಷ್ಟು ಸ್ಪಷ್ಟ ಲಾಭ ಕಾಣಲಿಲ್ಲ. ಇದು ಮಾಯಾದಂಡ ಎಂದು ನಾನೂ ಹೇಳುವುದಿಲ್ಲ. 2015ರಿಂದ 2022ರವರೆಗೆ ವರ್ಷಕ್ಕೆ 300ಕ್ಕಿಂತ ಹೆಚ್ಚು ಕೊಲೆ ಕಂಡ ನಗರದಲ್ಲಿ 2024ರಲ್ಲಿ ಆದದ್ದು 201. ಅದೇ ಹೊತ್ತಿಗೆ ದೇಶದಾದ್ಯಂತ ಕೊಲೆಗಳು ಇಳಿದವು, ಪೊಲೀಸರ ಹೊಸ ಕ್ರಮಗಳೂ ಇದ್ದವು. ಯಾರ ಪಾಲು ಎಷ್ಟು ಎಂದು ತಕ್ಕಡಿಯಲ್ಲಿ ತೂಗಲಾಗದು.

ತೆತ್ತ ಬೆಲೆ ಮಾತ್ರ ಎಲ್ಲರಿಗೂ ಗೊತ್ತು. 2021ರ ಜನವರಿಯಲ್ಲಿ ಸೇಫ್ ಸ್ಟ್ರೀಟ್ಸ್‌ನ ಮುಖವೇ ಆಗಿದ್ದ ಡಾಂಟೆ ಬಾರ್ಕ್ಸ್‌ಡೇಲ್ ಗುಂಡಿಗೆ ಬಲಿಯಾದರು. ಮುಂದಿನ ಸುಮಾರು ಒಂದು ವರ್ಷದಲ್ಲಿ ಇನ್ನಿಬ್ಬರು ಕಾರ್ಯಕರ್ತರು ಹೋದರು. ಆದರೂ ಕಿತ್ತಳೆ ಶರ್ಟುಗಳು ಬೀದಿಯಲ್ಲಿವೆ.

ಹೀಗಾಗಿ ನನ್ನನ್ನು ಕೇಳಿದರೆ, ಕೊರತೆ ಜನರದ್ದಲ್ಲ, ನಿಲ್ಲದೆ ಬರುವ ದುಡ್ಡಿನದು. 2015ರಲ್ಲಿ ಇಲಿನಾಯ್ ರಾಜ್ಯ ಷಿಕಾಗೊದ ಕಾರ್ಯಕ್ರಮಕ್ಕೆ ಕೊಡುತ್ತಿದ್ದ ಹಣ ನಿಲ್ಲಿಸಿತು. ಮರುವರ್ಷ ಅಲ್ಲಿ 750ಕ್ಕೂ ಹೆಚ್ಚು ಕೊಲೆಗಳಾದವು. ಅದೊಂದೇ ಕಾರಣವಲ್ಲ ಬಿಡಿ, ಆದರೆ ಅಂಥ ಹೊತ್ತಿನಲ್ಲೇ ಅನುಭವಿಗಳನ್ನು ಮನೆಗೆ ಕಳಿಸಿದ್ದು ಯಾವ ಜಾಣತನ? 2022ರಲ್ಲಿ ಅಮೆರಿಕದ ಸಂಸತ್ತು ಇಂಥ ಕೆಲಸಕ್ಕೆಂದೇ 25 ಕೋಟಿ ಡಾಲರ್ ಎತ್ತಿಟ್ಟಿತು. 2025ರ ಏಪ್ರಿಲ್‌ನಲ್ಲಿ ಕೇಂದ್ರದ ನ್ಯಾಯ ಇಲಾಖೆ ಈಗಾಗಲೇ ಮಂಜೂರಾಗಿದ್ದ ಅನೇಕ ಅನುದಾನಗಳನ್ನು ಅರ್ಧಕ್ಕೇ ರದ್ದು ಮಾಡಿತು, ಹಲವು ಊರುಗಳ ಸಂಸ್ಥೆಗಳು ಕೆಲಸಗಾರರನ್ನು ತೆಗೆಯಬೇಕಾಯಿತು.