ಮೇಲೆ ಜೊಳ್ಳು, ಕೆಳಗೆ ಕಲ್ಲು: ಬ್ಯಾಗ್ ಕೊನೆಗೂ ದಾರಿಗೆ ಬಂತು

ಬಾಕ್ಸಿಂಗ್ ಅಭ್ಯಾಸಕ್ಕೆ ಮನೆಯಲ್ಲೇ ಮಾಡಿಕೊಂಡ ಪಂಚಿಂಗ್ ಬ್ಯಾಗ್‌ಗೆ ಇವತ್ತು ಮೂರು ನಿಮಿಷದ ಮೂರು ರೌಂಡ್ ಪೂರ್ತಿ ಹೊಡೆದೆ. ಒಂದು ಗೆಣ್ಣೂ ಊದಲಿಲ್ಲ!

ಹೊಲಿಗೆ, ಕೊಕ್ಕೆ ಎಲ್ಲ ನಿಮಗೆ ಗೊತ್ತಿರೋದೇ, ಬಿಡಿ. ರೆಕ್ಸಿನ್ ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಸೀಟ್ ಕವರ್ ಹೊಲಿಯುವವರ ಹತ್ತಿರ ಉಳಿದಿದ್ದ ತುಂಡು, ಸರಪಳಿ ಎಸ್.ಪಿ. ರಸ್ತೆಯದು. ಶ್ರೀರಾಂಪುರದ ನಮ್ಮ ಮನೆಗೆ ಶೀಟ್ ಛಾವಣಿ. ಅಲ್ಲಿ ನೇತುಹಾಕಿದರೆ ಮೊದಲ ಜ್ಯಾಬ್‌ಗೇ (ನೇರ ಗುದ್ದಿಗೇ) ಆಕಾಶ ಕಾಣುತ್ತದೆ. ಹಾಗಾಗಿ ಓನರ್ ಮನೆ ಮೆಟ್ಟಿಲ ಕೆಳಗಿನ ತೊಲೆಯೇ ಗತಿ. "ನಾನು ಬಾಡಿಗೆಗೆ ಕೊಟ್ಟಿರೋದು ಮನೆ ಕಣಮ್ಮ, ಗರಡಿ ಅಲ್ಲ" ಅಂತ ಆಂಟಿ ಗೊಣಗಿದರು. ಆದರೂ ಬೇಡ ಅನ್ನಲಿಲ್ಲ.

ತಲೆ ತಿಂದಿದ್ದು ಬ್ಯಾಗ್ ಒಳಗೆ ತುಂಬುವ ಬಟ್ಟೆ. ಚಿಂದಿ ತುಂಬಿಸು ಅಂತ ಎಲ್ಲರೂ ಹೇಳುತ್ತಾರೆ, ಆಮೇಲಿನ ಕಥೆ ಯಾರೂ ಹೇಳಲ್ಲ. ಹೊಡೆತ ಬಿದ್ದಷ್ಟೂ ಚೂರುಗಳು ಕೆಳಗೆ ಜಾರುತ್ತವೆ. ಮೇಲಿನ ಭಾರಕ್ಕೆ ಒತ್ತಿಕೊಂಡು ತಳ ಗಾರೆ ಹಾಕಿದ ಹಾಗೆ ಗಟ್ಟಿಯಾಗುತ್ತದೆ. ಮೇಲೆ ಇನ್ನಷ್ಟು ತುರುಕಿದರೆ ಭಾರ ಹೆಚ್ಚಿ ತಳ ಇನ್ನೂ ಗಟ್ಟಿ. ತಮಾಷೆ ಏನು ಗೊತ್ತಾ? ಮೂರನೇ ರೌಂಡ್‌ನಲ್ಲಿ ಭುಜ ಸೋತು ಕೈ ಇಳಿಯುತ್ತಲ್ವಾ, ಹುಕ್ (ಪಕ್ಕದಿಂದ ಬೀಸುವ ಗುದ್ದು) ಸರಿಯಾಗಿ ಆ ಕಲ್ಲಿಗೇ ಬೀಳುತ್ತದೆ. ಮಣಿಕಟ್ಟು ಜುಂ ಅನ್ನುತ್ತದೆ.

ಚಿಂದಿ ಮಾರಿದ ಪುಣ್ಯಾತ್ಮನ ಬಗ್ಗೆ ಹೇಳಲೇಬೇಕು. "ಪೂರ್ತಿ ಬನಿಯನ್ ವೇಸ್ಟ್ ಮೇಡಂ" ಅಂದಿದ್ದ. ಮೂಟೆ ಬಿಚ್ಚಿದರೆ ಜೀನ್ಸ್ ಸೊಂಟಪಟ್ಟಿ, ಗುಂಡಿ, ಜಿಪ್. ನಡುವೆ ಒದ್ದೆ ಬಟ್ಟೆ ಬೇರೆ, ತೂಕ ಜಾಸ್ತಿ ಬರಲಿ ಅಂತ. ಗಾರ್ಮೆಂಟ್ಸ್‌ನಲ್ಲಿ ದುಡಿಯುವ ಅಮ್ಮ ಒಂದು ಹಿಡಿ ಮುಟ್ಟಿ ನೋಡಿ, "ನಮ್ಮ ಫ್ಯಾಕ್ಟರಿ ಕಸ ಇದಕ್ಕಿಂತ ವಾಸಿ" ಅಂದಳು.

ಪರಿಹಾರ ಕೊನೆಗೆ ಅಕ್ಕಿ ಚೀಲದಲ್ಲಿ ಸಿಕ್ಕಿತು. ಎಲ್ಲ ಚಿಂದಿಯನ್ನೂ ಒಟ್ಟಿಗೆ ಸುರಿಯುವ ಬದಲು ಸಣ್ಣ ಚೀಲಗಳಿಗೆ ಹಂಚಿದೆ. ಪ್ರತಿಯೊಂದನ್ನೂ ಅಜ್ಜಿಯ ಒನಕೆಯಿಂದ ಜಡಿದು, ಬಾಯಿ ಹೊಲಿದು, ಒಂದರ ಮೇಲೊಂದು ಇಳಿಸಿದೆ. ರೆಕ್ಸಿನ್‌ಗೂ ಚೀಲಗಳಿಗೂ ನಡುವೆ ಹಳೇ ಯೋಗ ಮ್ಯಾಟ್ ಸುತ್ತು. ಈಗ ಒಂದು ಚೀಲದ ಚಿಂದಿ ಇನ್ನೊಂದಕ್ಕೆ ಇಳಿಯುವ ಹಾಗಿಲ್ಲ. ಎಲ್ಲಾದರೂ ಗಟ್ಟಿಯಾದರೂ ಆ ಚೀಲ ಒಂದನ್ನೇ ತೆಗೆದು ಬಿಡಿಸಿದರಾಯಿತು. ಇಷ್ಟು ದಿನ ಮೇರಿ ಕೋಮ್ ಅಂತಿದ್ದ ಪಕ್ಕದ ಮನೆ ಅಂಕಲ್ ಒನಕೆ ನೋಡಿ ಓಬವ್ವ ಅನ್ನೋಕೆ ಶುರು ಮಾಡಿದ್ದಾರೆ. ಬಡ್ತಿ ಅಂತಲೇ ಅಂದುಕೊಂಡಿದ್ದೇನೆ.

ಮೈತೂಕದ ಅರ್ಧ ಅನ್ನುವ ಲೆಕ್ಕದಲ್ಲಿ ನನ್ನ 48ಕ್ಕೆ ಬ್ಯಾಗ್ 24 ಕೆ.ಜಿ. 2012ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಹೆಂಗಸರ ಬಾಕ್ಸಿಂಗ್‌ಗೆ ಇದ್ದಿದ್ದೇ 51, 60, 75 ಕೆ.ಜಿ. ಮೂರು ತೂಕದ ವರ್ಗ. 48ರಲ್ಲಿ ಆಡುತ್ತಿದ್ದ ಮೇರಿ ಕೋಮ್ 51ಕ್ಕೆ ಏರಿಯೇ ಕಂಚು ಗೆದ್ದರು. ನಾನು ಏರಿದರೆ ಒಂದೂವರೆ ಕೆ.ಜಿ. ಚಿಂದಿ ಹುಡುಕಬೇಕು. ಆ ಪುಣ್ಯಾತ್ಮನ ಹತ್ತಿರ ಮಾತ್ರ ಅಲ್ಲ.

ಅಂದಹಾಗೆ, ಮುಂದಿನದು ಡಬಲ್ ಎಂಡ್ ಬಾಲ್, ಅಂದರೆ ಮೇಲೂ ಕೆಳಗೂ ಎಳೆದು ಕಟ್ಟಿದ, ಗುದ್ದಿದರೆ ಪುಟಿದು ಬರುವ ಚೆಂಡು. ರಬ್ಬರ್ ಚೆಂಡು ಸಿಕ್ಕಿದೆ, ಬಲೆ ಅಮ್ಮ ಹೆಣೆಯುತ್ತಾಳೆ. ಮೇಲೂ ಕೆಳಗೂ ಸೈಕಲ್ ಟ್ಯೂಬ್ ಪಟ್ಟಿ ಕಟ್ಟಿ ನೋಡಿದೆ. ತುಂಬಾ ಬಿಗಿ, ಚೆಂಡು ನೆಟ್ಟಗೆ ಮೂಗಿಗೇ ಬರುತ್ತದೆ. ಇದನ್ನು ಮನೆಯಲ್ಲೇ ಕಟ್ಟಿದವರು ಪಟ್ಟಿ ಎಷ್ಟು ಅಗಲ ಕತ್ತರಿಸಿದ್ರಿ, ಸ್ವಲ್ಪ ಹೇಳಿ.